ಹಿಹೋನಿಗೆ ಹೋದ ಕರವಸ್ತ್ರ

ರಿವೀರ್, ಮ್ಯಾಸಚೂಸೆಟ್ಸ್
೨೮ ಮಾರ್ಚ್ ೨೦೨೬, ಶನಿವಾರ

ಪ್ರೀತಿಯ ತಮ್ಮ ಮಿಲೂದ್,

ನಿನ್ನ ಮೊಣಕಾಲು ಹೇಗಿದೆ? ಡಾಕ್ಟರು ಹೇಳಿದ ಹಾಗೆ ದಿನಾ ಸಮುದ್ರದ ದಂಡೆವರೆಗೆ ನಡೆದು ಬರುತ್ತಿದ್ದೀಯೋ, ಇಲ್ಲಾ ಮೂಲೆಯ ಕಾಫಿ ಅಂಗಡಿವರೆಗೆ ಹೋಗಿ ಕೂತು, ಅದನ್ನೇ ವ್ಯಾಯಾಮ ಅಂತ ಖೈರಾಳಿಗೆ ಒಪ್ಪಿಸುತ್ತಿದ್ದೀಯೋ? ನಿನ್ನ ಹೆಂಡತಿ ಒಳ್ಳೆಯವಳು, ನಂಬುತ್ತಾಳೆ. ಅವಳ ರಕ್ತದೊತ್ತಡದ ಮಾತ್ರೆ ತಪ್ಪಿಸಬೇಡ ಅನ್ನು. ಹಬ್ಬಕ್ಕೆ ಅವಳು ಕಳಿಸಿದ ಮಕ್ರೂತ್ ಸಿಹಿ ಬಂದು ತಲುಪಿತು. ಅರ್ಧ ಪುಡಿಯಾಗಿತ್ತು, ಪುಡಿಯನ್ನೂ ಚಮಚದಲ್ಲಿ ತಿಂದೆ. ಖರ್ಜೂರದ ಹೂರಣಕ್ಕೆ ಕಿತ್ತಳೆ ಹೂವಿನ ನೀರು ಹಾಕುವುದರಲ್ಲಿ ಅವಳ ಕೈ ಅಮ್ಮನ ಕೈಯೇ. ನಾನು ಚೆನ್ನಾಗಿದ್ದೇನೆ. ಇಲ್ಲಿ ಹಿಮ ಕರಗಿದೆ, ಗಾಳಿಗೆ ಮಾತ್ರ ಇನ್ನೂ ಮರ್ಯಾದೆ ಬಂದಿಲ್ಲ. ವಿಮಾನಗಳು ಮೊದಲಿನ ಹಾಗೇ ತಲೆಯ ಮೇಲೆ ಸವರಿಕೊಂಡು ಹೋಗುತ್ತವೆ, ಯಾವುದೂ ನಮ್ಮೂರು ಓರಾನಿಗಲ್ಲ.

ಫೋನ್ ಇರುವಾಗ ಪತ್ರ ಯಾಕೆ ಅನ್ನುತ್ತೀಯ. ಫೋನಿನಲ್ಲಿ ನೀನು ನನ್ನ ಒಂದು ವಾಕ್ಯವನ್ನಾದರೂ ಮುಗಿಸಲು ಬಿಟ್ಟಿದ್ದೀಯಾ? ಮೊನ್ನೆ ಗುರುವಾರವೂ ಅಷ್ಟೇ. ಫುಟ್‌ಬಾಲ್ ವಿಶ್ವಕಪ್ಪಿಗೆ ಇಲ್ಲಿಗೆ ಬರಲು ವೀಸಾ ಸಿಗಲಿಲ್ಲ ಅಂದೆ ನೀನು, ನಾನು ಬಾಯಿ ತೆರೆಯುವ ಮೊದಲೇ ಮುಂದಿನ ಮಾತಿಗೆ ಹಾರಿದೆ. "ಅಕ್ಕಾ, ನಾನಂತೂ ಬರಕ್ಕಾಗಲ್ಲ. ಅಪ್ಪನ ಕರವಸ್ತ್ರನಾದ್ರೂ ಬರ್ಲಿ. ಪಕ್ಕದ್ಮನೆ ಹೂರಿಯಾ ಮೇ ತಿಂಗಳಲ್ಲಿ ಮಗನ್ನ ನೋಡಕ್ಕೆ ಬೋಸ್ಟನ್ನಿಗೆ ಬರ್ತಾಳೆ, ಅವಳ ಕೈಲಿ ಕೊಡ್ತೀನಿ. ಆಸ್ಟ್ರಿಯಾದವರ ಮುಂದೆ ಅದನ್ನ ಇನ್ನೊಂದ್ಸಲ ಬೀಸ್ಬಿಡು. ನಾನು ಟಿವೀಲಿ ಹುಡುಕ್ತಾ ಇರ್ತೀನಿ." ಇಷ್ಟು ಹೇಳಿ, ಒಲೆ ಮೇಲೆ ಹಾಲಿದೆ ಅಂತ ಫೋನ್ ಇಟ್ಟುಬಿಟ್ಟೆ. ನಿಮ್ಮ ಮನೆಯಲ್ಲಿ ಒಲೆ ಕಡೆ ನೀನು ಯಾವಾಗ ಹೋದೆ? ನನಗೆ ಉತ್ತರ ಕೊಡುವುದಕ್ಕೆ ಅವಕಾಶ ಬೇಕಿತ್ತು, ಅದಕ್ಕೇ ಈ ಕಾಗದ.

ಉತ್ತರ ಕೊಡುವ ಮೊದಲು ಹಳೆಯದನ್ನು ಎತ್ತುತ್ತೇನೆ, ಕೇಳಿಸಿಕೋ. ೧೯೮೨ರಲ್ಲಿ ನನಗೆ ಇಪ್ಪತ್ತೆರಡು, ನಿನಗೆ ಹದಿನೇಳು. ಅಪ್ಪನ ಕಣ್ಣಿಗೆ ಪೊರೆ ಬಂದಿತ್ತು. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುವವನು, ಟಿಕೆಟ್ಟನ್ನು ಮೂಗಿಗೆ ಹಿಡಿದು ಓದುತ್ತಿದ್ದ ಅಂತ ಪ್ರಯಾಣಿಕರು ನಗುತ್ತಿದ್ದರು. ಅವನಿಗೆ ದಿನಾ ಸಂಜೆ ಪತ್ರಿಕೆಯ ಆಟದ ಪುಟವನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದವಳು ಯಾರು? ನೀನು ಗಲ್ಲಿಯಲ್ಲಿ ಚೆಂಡು ಒದ್ದು ಗಾಜು ಒಡೆಯುತ್ತಿದ್ದೆ. ಯಾವ ಆಟಗಾರ ಎಲ್ಲಿ ಹುಟ್ಟಿದ, ಯಾರಿಗೆ ಎಡಗಾಲು ಚುರುಕು, ಯಾವ ತಂಡ ಯಾರ ಕೈಲಿ ಸೋತಿತು ಎಲ್ಲ ನನ್ನ ನಾಲಿಗೆಯ ಮೇಲಿತ್ತು. "ನನ್ನ ಕಣ್ಣು ಕಣೇ ನೀನು" ಅನ್ನುತ್ತಿದ್ದ ಅಪ್ಪ. ನಮ್ಮ ದೇಶ ಮೊಟ್ಟಮೊದಲ ಸಲ ವಿಶ್ವಕಪ್ಪಿಗೆ ಅಂತ ಸ್ಪೇನಿಗೆ ಹೋಯಿತು, ಅಪ್ಪ ಹಡಗಿನ ಟಿಕೆಟ್ ಕೊಂಡ, ತನ್ನ ಕಣ್ಣನ್ನು ಮನೆಯಲ್ಲೇ ಬಿಟ್ಟು ನಿನ್ನನ್ನು ಕರೆದುಕೊಂಡು ಹೋದ. ಅಮ್ಮ ಒಂದೇ ಮಾತು ಅಂದಳು: "ಗಂಡಸರ ಜಾತ್ರೆಗೆ ಮದುವೆಗೆ ಬಂದ ಹುಡುಗಿನ ಕಳಿಸ್ತಾರಾ? ಜನ ಏನಂದಾರು?" ಆಗ ಸ್ಪೇನಿಗೆ ವೀಸಾ ಕೂಡ ಬೇಕಿರಲಿಲ್ಲ, ಮಿಲೂದ್. ಹಡಗು ಹತ್ತಿದರೆ ಆಯಿತು. ನನಗೆ ವೀಸಾ ಕೊಡದೇ ಹೋದದ್ದು ನಮ್ಮ ಅಡುಗೆಮನೆ.

ಹೊರಡುವ ಹಿಂದಿನ ದಿನ ನಾನು ಬಿಳಿ ಹತ್ತಿ ಬಟ್ಟೆಯಲ್ಲಿ ಅಪ್ಪನಿಗೊಂದು ಕರವಸ್ತ್ರ ಕತ್ತರಿಸಿದೆ. ಅಂಚನ್ನು ಬೆರಳಲ್ಲೇ ಸುರುಳಿ ಸುತ್ತಿ, ಕೈಯಲ್ಲೇ ಹೊಲಿದೆ. ಮೂಲೆಯಲ್ಲಿ ಹಸಿರು ದಾರದ ಪುಟ್ಟ ನಕ್ಷತ್ರ. ಹೋಗುವವರ ಜೇಬಿನಲ್ಲಿ ನನ್ನದೊಂದು ವಸ್ತುವಾದರೂ ಹೋಗಲಿ ಅಂತ. ನೀವು ಬಂದರಿಗೆ ಹೊರಟಾಗ ನಾನು ಮಹಡಿ ಹತ್ತಿ ನೋಡುತ್ತಿದ್ದೆ. ನೀನು ತಿರುಗಿ ನೋಡಿ ಕೈ ಬೀಸಲಿಲ್ಲ, ನಾಲಿಗೆ ಚಾಚಿದೆ. ಮರೆತಿದ್ದೀಯ. ನಾನು ಮರೆತಿಲ್ಲ.

ಮುಂದಿನದನ್ನು ನಾನು ನಿನಗೆ ಹೇಳುವುದೇನು, ನೀನೇ ಊರಿಗೆಲ್ಲ ಹೇಳಿದ್ದೀಯ. ಜರ್ಮನಿಯನ್ನು ನಾವು ಸೋಲಿಸಿದ್ದು. ನಡುವೆ ಆಸ್ಟ್ರಿಯಾಕ್ಕೆ ಸೋತರೂ ಚಿಲಿಯನ್ನು ಸೋಲಿಸಿದ್ದು. ಮರುದಿನ ಹಿಹೋನ್ ಊರಿನಲ್ಲಿ ಜರ್ಮನಿ ಮತ್ತು ಆಸ್ಟ್ರಿಯಾ ಕಣಕ್ಕಿಳಿದದ್ದು. ಒಂದೇ ಒಂದು ಗೋಲಿನಿಂದ ಜರ್ಮನಿ ಗೆದ್ದರೆ ಇಬ್ಬರೂ ಮುಂದಕ್ಕೆ, ನಾವು ಮನೆಗೆ ಅಂತ ಇಬ್ಬರಿಗೂ ಮೊದಲೇ ಗೊತ್ತಿದ್ದದ್ದು. ಮೊದಲಲ್ಲೇ ಆ ಒಂದು ಗೋಲು ಬಂದ ಮೇಲೆ, ಉಳಿದಷ್ಟು ಹೊತ್ತೂ ಊಟವಾದ ಮೇಲೆ ಅಡ್ಡಾಡುವ ಮಾವಂದಿರ ಹಾಗೆ ಚೆಂಡನ್ನು ಅತ್ತ ಇತ್ತ ತಳ್ಳಿಕೊಂಡು ಕಾಲ ಕಳೆದದ್ದು. ಇವತ್ತು ಪ್ರತಿ ಗುಂಪಿನ ಕೊನೆಯ ಎರಡು ಪಂದ್ಯಗಳನ್ನು ಒಂದೇ ಹೊತ್ತಿಗೆ ಆಡಿಸುತ್ತಾರಲ್ಲ, ಆ ನಿಯಮ ನಮ್ಮ ಗಾಯದ ಮೇಲೆ ಬರೆದದ್ದು. ನಮಗೆ ಒಂದು ಕ್ಷಮೆಯ ಮಾತನ್ನೂ ಯಾರೂ ಕಳಿಸಲಿಲ್ಲ. ನಾನು ಅದನ್ನು ಓರಾನಿನ ಮನೆಯಲ್ಲಿ, ಅಕ್ಕಪಕ್ಕದ ಹೆಂಗಸರ ನಡುವೆ, ಹುರುಳಿಕಾಯಿ ಬಿಡಿಸುತ್ತಾ ಟಿವಿಯಲ್ಲಿ ನೋಡಿದೆ. ಸ್ಪೇನಿನ ಜನರೇ ಅಸಹ್ಯಪಟ್ಟು ಬಿಳಿ ಕರವಸ್ತ್ರ ಬೀಸಿದರು. ಅಷ್ಟು ಬಿಳುಪಿನಲ್ಲಿ ನನ್ನದು ಯಾವುದು ಅಂತ ಹುಡುಕಿ ಹುಡುಕಿ ನನ್ನ ಕಣ್ಣಿಗೂ ಪೊರೆ ಬಂದ ಹಾಗಾಯಿತು.

ನೀವು ವಾಪಸ್ಸು ಬಂದಿರಿ. ಅಂದಿನಿಂದ ಆ ಕಥೆ ನಿನ್ನದಾಯಿತು. ನನ್ನ ಮದುವೆಯಲ್ಲಿ ಹೇಳಿದೆ, ನಿನ್ನ ಮದುವೆಯಲ್ಲಿ ಹೇಳಿದೆ, ಮಗುವಿನ ಹೆಸರಿಡುವ ದಿನ ಹೇಳಿದೆ. "ಆಗ ನಮ್ಮಪ್ಪ ಎದ್ದು ನಿಂತ ನೋಡಿ, ಜೇಬಿಂದ ಕರವಸ್ತ್ರ ತೆಗೆದ…" ಅಂತ ನೀನು ಶುರು ಮಾಡಿದರೆ ನಾನು ಚಹಾದ ತಟ್ಟೆ ಹಿಡಿದು ನಿಂತಿರುತ್ತಿದ್ದೆ. ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಬೇಲಿ ಎಷ್ಟು ಎತ್ತರ ಇತ್ತು ಅಂತ ವರ್ಷವರ್ಷವೂ ಬದಲಾಯಿಸುತ್ತಿದ್ದೆ ನೀನು. ನಾನು ತಿದ್ದಲು ಹೋದರೆ ಎಲ್ಲರ ಮುಂದೆ ಅದೇ ಮಾತು: "ನೀನು ಅಲ್ಲಿರ್ಲಿಲ್ಲ ಅಕ್ಕಾ. ಚಹಾ ಹಂಚು." ಎಲ್ಲರೂ ನಗುತ್ತಿದ್ದರು. ಅಪ್ಪ ಮಾತ್ರ ನಗುತ್ತಿರಲಿಲ್ಲ, ಅದನ್ನು ನೀನು ಯಾವತ್ತಾದರೂ ಗಮನಿಸಿದ್ದೀಯಾ? ಅಪ್ಪ ಹೋದ ಮೇಲೆ ನಾನು ಇಲ್ಲಿಂದ ಬಂದು ಕೇಳಿದ್ದು ಆ ಕರವಸ್ತ್ರ ಒಂದೇ. ಮನೆ ಕೇಳಲಿಲ್ಲ, ಗಡಿಯಾರ ಕೇಳಲಿಲ್ಲ. ಆಗಲೂ ನೀನು ಅಂದದ್ದು ಅದೇ ಮಾತು, ಮೆತ್ತಗೆ ಅಂದೆ ಅಷ್ಟೇ. ಅದಕ್ಕೆ ಗಾಜು ಹಾಕಿಸಿ ಅಪ್ಪನ ಫೋಟೋ ಪಕ್ಕ ಗೋಡೆಗೆ ಹೊಡೆದೆ.

ಹೌದು, ನನಗೆ ಹೊಟ್ಟೆಕಿಚ್ಚು. ಅರವತ್ತಾರು ವರ್ಷದ ಹೆಂಗಸು, ಇಪ್ಪತ್ತು ವರ್ಷ ಶಾಲೆಯ ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು, ಲೋಕದ ಇತಿಹಾಸವನ್ನೆಲ್ಲ ಓದಿದವಳು ಈ ಮಾತು ಬರೆಯಬಾರದು. ಆದರೆ ನಿನಗೆ ಏನು ಗೊತ್ತು, ಇಲ್ಲಿ ಕೂತು ನಮ್ಮ ತಂಡವನ್ನು ಹಿಂಬಾಲಿಸುವುದು ಅಂದರೆ ಏನು ಅಂತ? ನಾನು ಈ ದೇಶಕ್ಕೆ ಬಂದ ವರ್ಷ ಇಲ್ಲೇ ವಿಶ್ವಕಪ್ ನಡೆಯುತ್ತಿತ್ತು, ಬಸ್ಸು ಹತ್ತಿದರೆ ಸಿಗುವಷ್ಟು ಹತ್ತಿರದಲ್ಲಿ. ನಮ್ಮ ತಂಡ ಅದರಲ್ಲಿ ಇರಲಿಲ್ಲ, ನಮ್ಮ ಊರಿನಲ್ಲೋ ಅಂತರ್ಯುದ್ಧ, ಜನ ಹೆಣ ಎಣಿಸುತ್ತಿದ್ದರು. ಆಮೇಲೆ ಎಷ್ಟೋ ವರ್ಷ ರೇಡಿಯೋದ ಗೊರಗೊರ ಸದ್ದಿನಲ್ಲಿ ಗೋಲು ಯಾರದು ಅಂತ ಊಹಿಸಿದೆ. ಇಲ್ಲಿನ ಬೀದಿಯಲ್ಲಿ ನಮ್ಮ ಕಡೆಯವರ ಕಾಫಿ ಅಂಗಡಿಗೆ ದೊಡ್ಡ ಟಿವಿ ಬಂತು, ಆದರೆ ಅದರ ಮುಂದೆ ಕೂತವರೆಲ್ಲ ಗಂಡಸರೇ. ನಾನು ಒಳಗೆ ಕಾಲಿಟ್ಟರೆ "ಬನ್ನಿ ಖಾಲಾ, ಏನು ಕೊಡ್ಲಿ, ಕಟ್ಕೊಡ್ತೀನಿ" ಅನ್ನುತ್ತಿದ್ದರು. ಚಿಕ್ಕಮ್ಮ ಅಂತ ಕರೆದ ಬಾಯಲ್ಲೇ ಬೇಗ ಹೊರಡಿ ಅಂತ ಹೇಳುವ ಮರ್ಯಾದೆ.

೨೦೧೦ರ ಜೂನ್ ನೆನಪಿದೆಯಾ? ನಮ್ಮವರು ಈ ದೇಶದ ಮೇಲೇ ಆಡಿದರು. ಶಾಲೆಗೆ ರಜೆ ಸಿಗಲು ಇನ್ನೆರಡು ದಿನ ಇತ್ತು, ಗ್ರಂಥಾಲಯಕ್ಕೆ ಟಿವಿ ತಳ್ಳಿಕೊಂಡು ಬಂದರು. ಅಷ್ಟು ಜನರ ನಡುವೆ ನಾನೊಬ್ಬಳು. ಶುರುವಿನಲ್ಲೇ ನಮ್ಮವನ ಒದೆತ ಗೋಲಿನ ಮೇಲಿನ ಕಂಬಕ್ಕೆ ಬಡಿದಾಗ ನಾನು ಎದ್ದು ನಿಂತುಬಿಟ್ಟೆ, ಎಲ್ಲರೂ ತಿರುಗಿ ನೋಡಿದರು, ಕಿಟಕಿ ಹಾಕಲು ಎದ್ದವಳ ಹಾಗೆ ಹೋಗಿ ಕಿಟಕಿ ಹಾಕಿದೆ. ಎಲ್ಲ ಮುಗಿಯುತ್ತಾ ಬಂದಾಗ, ಕೊನೆಯ ಉಸಿರಿನಲ್ಲಿ ಅವರು ಗೋಲು ಹೊಡೆದರು. ಕಟ್ಟಡವೇ ಕುಣಿಯಿತು. ನನ್ನ ಪಕ್ಕದ ಮೇಜಿನ ಡೊರೀನ್, ಹನ್ನೆರಡು ವರ್ಷಗಳಿಂದ ಗೆಳತಿ, ನನ್ನನ್ನು ತಬ್ಬಿ ಎತ್ತಿ, "ಗೆದ್ವಿ ಕಣೇ, ಗೆದ್ವಿ!" ಅಂತ ಕೂಗಿದಳು. ಆಮೇಲೆ ನನ್ನ ಮುಖ ನೋಡಿ, "ಅಯ್ಯೋ ದೇವರೇ, ನೀನು ಅವರ ಪೈಕಿ ಅಲ್ವಾ" ಅಂದಳು. ಅದನ್ನು ಕ್ಷಮಿಸಬಲ್ಲೆ. ಮರುದಿನ ಅವಳೇ ಚಹಾ ಕುಡಿಯುತ್ತಾ ಕೇಳಿದಳು: "ಅಂದಹಾಗೆ ನಿನ್ನೆ ನಾವು ಆಡಿದ್ದು ಯಾವ ದೇಶದ ಮೇಲೆ, ನಿಮ್ಮದಾ, ಪಕ್ಕದ್ದಾ?" ಆ ಕ್ಷಣ ನನಗಾದ ಹೊಟ್ಟೆಕಿಚ್ಚು ಗೆಲುವಿನ ಮೇಲಲ್ಲ. ಗೆದ್ದು, ಯಾರನ್ನು ಗೆದ್ದೆ ಅಂತಲೂ ಮರೆತು, ಬಿಸ್ಕತ್ತು ಅದ್ದಿ ತಿನ್ನುವ ಆ ಹಗುರತನದ ಮೇಲೆ. ಆಟದ ದಿನ ಸಂಜೆಯೇ ನಿನಗೆ ಫೋನ್ ಮಾಡಿದ್ದೆ. ಹಿಂದೆ ಬೀದಿಯ ಗದ್ದಲ. "ಇಲ್ಲಿ ಎಲ್ರೂ ಅಳ್ತಾ ಇದೀವಿ ಅಕ್ಕಾ, ಆಮೇಲೆ ಮಾಡು" ಅಂದೆ. ಎಲ್ಲರೂ ಸೇರಿ ಅಳುವವನೇ, ಆ ದಿನ ನಿನ್ನ ಅಳುವಿನ ಮೇಲೂ ನನಗೆ ಹೊಟ್ಟೆಕಿಚ್ಚು. ಇಲ್ಲಿ ನನ್ನ ಮಗಳು ನಿಹಾದ್ ಕೆನ್ನೆಗೆ ಈ ದೇಶದ ಬಾವುಟ ಬರೆಸಿಕೊಂಡು ಮನೆಗೆ ಬಂದಳು. ಬಾಗಿಲಲ್ಲೇ ನನ್ನನ್ನು ನೋಡಿ ತೋಳಿನಿಂದ ಉಜ್ಜಿಕೊಂಡಳು. ಬಣ್ಣ ಹೋಗಲಿಲ್ಲ, ಕಿವಿಯವರೆಗೂ ಹರಡಿತು.

ಈಗ ಅದೇ ಹುಡುಗಿ ಟಿಕೆಟ್ಟಿನ ಅದೃಷ್ಟಚೀಟಿಗೆ ಹೆಸರು ಬರೆಸಿ ಎರಡು ಕುರ್ಚಿ ಗೆದ್ದಿದ್ದಾಳೆ. ಜೂನ್ ಇಪ್ಪತ್ತೇಳು, ಕಾನ್ಸಸ್ ಸಿಟಿ, ನಾವು ಮತ್ತು ಆಸ್ಟ್ರಿಯಾ. ಗುಂಪು ವಿಂಗಡಿಸಿದ ದಿನ ಆ ಹೆಸರು ನಮ್ಮ ಕೆಳಗೆ ಬಂದಾಗ ನಾನು ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. "ಅಮ್ಮಾ, ಈಗಿನ ಆಟಗಾರರು ಆಗ ಹುಟ್ಟೇ ಇರ್ಲಿಲ್ಲ, ಇವರ ಮೇಲೇನು ಕೋಪ?" ಅಂತ ಕೇಳಿದಳು. "ನೀನೂ ಹುಟ್ಟಿರ್ಲಿಲ್ಲ. ನಿನ್ನ ಕೈಲಿ ಟಿಕೆಟ್ ಇಲ್ವಾ? ಹಾಗೇ ಅವರ ಹಿರಿಯರು ಮಾಡಿದ್ದರ ಪಾಲು ಅವರಿಗೆ" ಅಂದೆ. ಅವಳ ಮೇಲೂ ನನಗೆ ಹೊಟ್ಟೆಕಿಚ್ಚೇ, ಬಚ್ಚಿಡುವುದೇನು: ಮೂವತ್ತೊಂದು ವಯಸ್ಸು, ಯಾರಪ್ಪಣೆಯನ್ನೂ ಕೇಳದೆ ಟಿಕೆಟ್ ತೆಗೆದಳು, ಜೊತೆಗೆ ತಾಯಿಯನ್ನು ಬೇರೆ ಕರೆದುಕೊಂಡು ಹೋಗುತ್ತಾಳೆ.

ನೀನು ಅಂದು ರಾತ್ರಿ ಓರಾನಿನಲ್ಲಿ, ನಮ್ಮ ಹಮ್ರಿಯ ಬೀದಿಯಲ್ಲಿ ಕುರ್ಚಿ ಹಾಕಿಕೊಂಡು, ಗೋಡೆಗೆ ಬಿಳಿ ಚಾದರ ಕಟ್ಟಿ, ಇಡೀ ಕೇರಿಯ ಜೊತೆ ನೋಡುತ್ತೀಯ. ಹೆಂಗಸರು ಮಹಡಿಯಿಂದ ನಾಲಿಗೆ ಹೊರಳಿಸಿ ಸಂಭ್ರಮದ ಕೂಗು ಹಾಕುತ್ತಾರೆ. ನಾನು ಮೆಕ್ಕೆಜೋಳದ ಅರಳಿನ ಡಬ್ಬಿ ಹಿಡಿದವರ ಪಕ್ಕ ಕೂರುತ್ತೇನೆ. ಆದರೂ ಈ ಸಲ ಅಲ್ಲಿ ಇರುವವಳು ನಾನು, ಇಲ್ಲದವನು ನೀನು. ಇದನ್ನು ಬರೆಯುವಾಗ ಸಂತೋಷವಾಗಬೇಕಿತ್ತು. ವೀಸಾ ಸಿಗಲಿಲ್ಲ ಅಂದವನು ಅಷ್ಟು ಬೇಗ ಮುಂದಿನ ಮಾತಿಗೆ ಹಾರಿದ್ದು ಯಾಕೆ ಅಂತ ಗೊತ್ತಾಗಿಬಿಟ್ಟಿತು, ಅದರಿಂದ ಅರ್ಧ ಸಂತೋಷ ಹಾಳಾಯಿತು. ಉಳಿದರ್ಧ ಇದೆ.

ಇನ್ನು ಕರವಸ್ತ್ರದ ಮಾತು. ಬೇಡ, ಮಿಲೂದ್. ಕಳಿಸಬೇಡ. ಹೂರಿಯಾಳ ಪೆಟ್ಟಿಗೆ ಯಾವಾಗಲೂ ಮೆಣಸಿನಪುಡಿಯ ಗೋದಾಮು, ಅದರಲ್ಲಿ ಬಂದರೆ ಬಿಳಿ ಬಿಳಿಯಾಗಿ ಉಳಿಯುವುದಿಲ್ಲ. ಗಾಜು ಬಿಚ್ಚಿದರೆ ಬಟ್ಟೆ ಹರಿಯುತ್ತದೆ. ದಾರಿಯಲ್ಲಿ ಕಳೆದುಹೋದರೆ ಜೀವನಪೂರ್ತಿ ನನ್ನ ಮೇಲೆ ಹಾಕುತ್ತೀಯ. ಇಷ್ಟು ಕಾರಣ ಸಾಕು ಅಂದುಕೋ.

ಖೈರಾಳಿಗೆ ನನ್ನ ಪ್ರೀತಿ, ಮಕ್ಕಳಿಗೆ ಮುತ್ತು. ಅಪ್ಪ ಅಮ್ಮನ ಸಮಾಧಿಯ ಕಡೆ ಹೋದರೆ ನನ್ನ ಪಾಲಿನ ಪ್ರಾರ್ಥನೆಯನ್ನೂ ಹೇಳು. ದೇವರು ನಿನ್ನ ಮೊಣಕಾಲನ್ನು ಕಾಪಾಡಲಿ, ನಾಲಿಗೆಯನ್ನು ಸ್ವಲ್ಪ ಮೊಂಡು ಮಾಡಲಿ.

ನಿನ್ನ ಅಕ್ಕ,
ಝುಲೀಖಾ

ತಾ.ಕ.: ಲಕೋಟೆ ಅಂಟಿಸಿಯಾಗಿತ್ತು, ಮತ್ತೆ ಬಿಚ್ಚಿದ್ದೇನೆ. ಅಂಚೆ ಕಚೇರಿ ಮಧ್ಯಾಹ್ನ ಮುಚ್ಚುತ್ತದೆ, ನಿಹಾದ್ ಕೆಳಗೆ ಹಾರನ್ ಹೊಡೆಯುತ್ತಿದ್ದಾಳೆ, ಅದಕ್ಕೇ ಬೇಗ ಬೇಗ. ಮೇಲೆ ಬರೆದ ಕಾರಣಗಳು ಸುಳ್ಳು. ನೀನು ಗಾಜು ಹಾಕಿಸಿ ಇಟ್ಟಿರುವುದು ನಾನು ಹೊಲಿದದ್ದಲ್ಲ. ನೀವು ಹಿಹೋನಿನಿಂದ ಬಂದ ಮರುದಿನ ಬೆಳಿಗ್ಗೆ ಒಗೆಯುವಾಗಲೇ ಗೊತ್ತಾಯಿತು, ಅಂಚಿಗೆಲ್ಲ ಯಂತ್ರದ ಹೊಲಿಗೆ. ನಕ್ಷತ್ರ ಎಲ್ಲಿ ಅಂತ ಅಮ್ಮ ಕೇಳಿದಳು, "ಸ್ಪೇನಿನ ನೀರಿಗೆ ದಾರ ಬಿಟ್ಕೊಂಡ್ತು" ಅಂದ ಅಪ್ಪ. ಅವನು ಎದುರಿಗೇ ಕೂತು ನನ್ನ ಕೈಯನ್ನೇ ನೋಡುತ್ತಿದ್ದ, ಪೊರೆ ಬಂದ ಕಣ್ಣಲ್ಲಿ. "ಬಿಳುಪು ಹಾಗೇ ಇದೆ ಅಪ್ಪಾ" ಅಂದೆ. ಆಮೇಲೆ ಸಾಯುವವರೆಗೂ ಅವನು ಅದನ್ನೇ ಜೇಬಿನಲ್ಲಿಟ್ಟುಕೊಂಡ. ನಿನಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳುವುದಿಲ್ಲ. ನನ್ನದು ಕೈಜಾರಿ ಹಿಹೋನಿನಲ್ಲೇ ಉಳಿದುಕೊಂಡಿದೆ, ನಿಮ್ಮಿಬ್ಬರ ಹಾಗೆ ವಾಪಸ್ಸು ಬರಲಿಲ್ಲ. ಗೋಡೆಯ ಮೇಲಿರುವುದನ್ನು ಅಪ್ಪ ಕೊಂಡದ್ದು ನನಗೆ ನೋವಾಗಬಾರದು ಅಂತ, ಆದ್ದರಿಂದ ಅದೂ ನನ್ನದೇ. ಜೋಪಾನವಾಗಿಡು, ನಾನೇ ಬಂದು ತೆಗೆದುಕೊಳ್ಳುತ್ತೇನೆ. ಆಸ್ಟ್ರಿಯಾಕ್ಕೆ ಹೊಸದು ಹೊಲಿಯುತ್ತಿದ್ದೇನೆ, ಮೂರು ಅಂಚು ಮುಗಿದಿದೆ. ಆಟ ಮುಗಿದ ಮೇಲೆ ಅದು ನಿನಗೆ, ಕೈಯಾರೆ ತಂದುಕೊಡುತ್ತೇನೆ. ಕೇರಿಯವರನ್ನೆಲ್ಲ ಕರೆದಿರು. ಆ ದಿನ ಕಥೆ ಹೇಳುವುದು ನಾನು. ನೀನು ಚಹಾ ಹಂಚು.