ನೆಲ ಬಿಟ್ಟೆವೋ ಇಲ್ಲವೋ

ಅಕ್ಕಾ,

ನಾನು ಚೆನ್ನಾಗಿದ್ದೇನೆ, ಮೊದಲು ಅದನ್ನು ಓದಿಕೊ. ಇಲ್ಲಿ ಗಣಿ ಕ್ಯಾಂಪಿನ ಅಡುಗೆಯವಳಿಗೆ ದಿನ ತುಂಬುವ ಮೊದಲೇ ನೋವು ಶುರುವಾಯಿತು. ನರ್ಸ್ ಎಂದು ನನ್ನನ್ನೂ ಅವಳ ಜೊತೆ ಪುಟ್ಟ ವಿಮಾನ ಹತ್ತಿಸಿದರು. ಕಲ್ಲುಮಣ್ಣಿನ ಬಯಲಿನಲ್ಲಿ ಓಡುತ್ತಾ ಇನ್ನೇನು ಏರಬೇಕು, ಗಾಲಿ ಗುಂಡಿಗೆ ಸಿಕ್ಕಿ ವಿಮಾನ ಗಿರ್ರನೆ ತಿರುಗಿತು. ಪೊದೆಯೊಳಗೆ ಮೂತಿ ತೂರಿಸಿ ನಿಂತಿತು.

ಅವಳು ಕಣ್ಣು ಬಿಟ್ಟು, "ಆಸ್ಪತ್ರೆ ಬಂತಾ ಸಿಸ್ಟರ್?" ಎಂದಳು.

ಏನೂ ತೋಚದೆ, "ಹೂಂ, ಬಂತಮ್ಮ, ಇಳಿ" ಎಂದುಬಿಟ್ಟೆ. ಪೈಲಟ್ ಒಮ್ಮೆ ಮುರಿದ ರೆಕ್ಕೆಯನ್ನೂ ಒಮ್ಮೆ ನನ್ನನ್ನೂ ನೋಡಿದರು. ಪೆಟ್ರೋಲ್ ವಾಸನೆ ಮೂಗಿಗೆ ಬಡಿಯುತ್ತಿತ್ತು. ಇಬ್ಬರೂ ಸೇರಿ ಅವಳನ್ನು ದೂರಕ್ಕೆ ನಡೆಸಿದೆವು. ಬಂಡೆಯ ಮರೆಯಲ್ಲಿ ಪೈಲಟ್‌ರ ಕೋಟು ಹಾಸಿ ಹೆರಿಗೆ ಮಾಡಿಸಿದೆ. ಹೆಣ್ಣು ಮಗು, ಬಲು ಸಣ್ಣದು, ಉಸಿರಾಟ ಸರಿಯಿಲ್ಲ.

ನಾವು ನೆಲ ಬಿಟ್ಟು ಎದ್ದಿದ್ದೆವೋ ಇಲ್ಲವೋ, ನನಗಿನ್ನೂ ತಿಳಿಯದು. ಪೈಲಟ್ ಇಲ್ಲ ಎನ್ನುತ್ತಾರೆ, ಬಾಣಂತಿ ಹೌದು ಎನ್ನುತ್ತಾಳೆ. ನನ್ನ ಎಡ ಮಣಿಕಟ್ಟು ಊದಿದೆ, ಮುರಿದಿಲ್ಲ. ಅಮ್ಮನಿಗೆ ಹೇಳಬೇಡ.

ತಾಯಿಯನ್ನೂ ಮಗುವನ್ನೂ ಕರೆದೊಯ್ಯಲು ಇನ್ನೊಂದು ವಿಮಾನ ಬರುತ್ತಿದೆ. "ನೀವೂ ಬರ್ತೀರಲ್ವಾ?" ಎಂದಳು ಬಾಣಂತಿ. ಹೂಂ ಎಂದೆನೋ ಊಹೂಂ ಎಂದೆನೋ ನೆನಪಿಲ್ಲ. ಈಗ ನೋಡಿದರೆ ಮಗು ನನ್ನ ಮಡಿಲಲ್ಲಿದೆ, ಬಯಲಿನ ಅಂಚಿನಲ್ಲಿ ಆ ವಿಮಾನಕ್ಕೇ ಕಾಯುತ್ತಾ ಕೂತು ಇದನ್ನು ಬರೆಯುತ್ತಿದ್ದೇನೆ.

ನಿನ್ನ ತಂಗಿ