ಅಮ್ಮನ ಪಾಲಿನ ಅಂಕಿಗಳು

ಪ್ರೀತಿಯ ಅಮ್ಮ,

ನೀನು ಅಪ್ಪನ ಮೇಲೆ ಮುನಿಸಿಕೊಂಡು ಅಜ್ಜಿಯ ಮನೆಗೆ ಹೋಗಿ ಎರಡು ತಿಂಗಳಾಯಿತು. ನಿಮ್ಮಿಬ್ಬರ ಜಗಳದ ಉಸಾಬರಿ ನನಗೆ ಬೇಡ. ಸುಡೊಕು ವಿಷಯಕ್ಕಷ್ಟೇ ಬರೆಯುತ್ತಿದ್ದೇನೆ.

ಅಪ್ಪ ಈಗಲೂ ತಿಂಡಿಯ ಹೊತ್ತಿಗೆ ಪೇಪರ್ ಹರಡಿಕೊಂಡು, ತಮ್ಮ ಪಾಲಿನ ಒಂದು, ಎರಡು, ಮೂರು ಹೊಳೆದಷ್ಟು ಬರೆದು ಪೆನ್ಸಿಲನ್ನು ನನ್ನ ಕಡೆ ತಳ್ಳುತ್ತಾರೆ. ನಾನು ನನ್ನ ಏಳು, ಎಂಟು, ಒಂಬತ್ತು ತುಂಬುತ್ತೇನೆ. ನಿನ್ನ ನಾಲ್ಕು, ಐದು, ಆರು ಬೀಳದೆ ನಮ್ಮವೂ ಮುಂದೆ ಹೋಗುವುದಿಲ್ಲ. "ನೀವೇ ಬರೀರಿ ಅಪ್ಪಾ" ಅಂದರೆ, "ಅದು ಅವಳ ಪಾಲು, ನಾನ್ಯಾಕೆ ಮುಟ್ಲಿ?" ಅಂತ ಎದ್ದು ಹೋಗುತ್ತಾರೆ.

ನಿನ್ನೆಯ ಹಾಳೆ ಇದರ ಜೊತೆಗಿದೆ. ಬೇಗ ತುಂಬಿ ಕಳಿಸು, ಇಲ್ಲವೇ ನೀನೇ ತಂದುಕೊಡು.

ಅದರಲ್ಲಿ ಒಂದು ಚೌಕ ಉಜ್ಜಿ ಮಾಸಿದೆ. ಅಪ್ಪ ನನಗೆ ಕಾಣದ ಹಾಗೆ ಅಲ್ಲಿ ಐದು ಬರೆದಿದ್ದರು. ಸರಿಯಾಗಿಯೇ ಇತ್ತು. ಅಳಿಸಿದ್ದು ನಾನು.

ನಿನ್ನ,
ಏಳು ಎಂಟು ಒಂಬತ್ತು