ಬಾತ್‌ರೂಮಿನ ಇಲಿಗೆ ಸಂಜೆ ನಾಲ್ಕರ ಗಡುವು

ರೀ,

ನೀವು ಏಳುವಷ್ಟರಲ್ಲಿ ನಾನು ಡೊಂಬಿವಲಿ ಸ್ಟೇಷನ್ನಿನಲ್ಲಿರುತ್ತೇನೆ. ಚಹಾ ಥರ್ಮಾಸಿನಲ್ಲಿದೆ. ಕುಡಿಯುವ ಮೊದಲು ಇದನ್ನು ಓದಿ.

ನಮ್ಮ ಬಾತ್‌ರೂಮಿನ ವಾಸನೆ ಮೇಲಿನ ಮನೆಯಲ್ಲಿರುವ ನಮ್ಮ ಬಿಲ್ಡಿಂಗ್ ಸೊಸೈಟಿಯ ಸೆಕ್ರೆಟರಿ ಪಾಟ್ಕರ್ ಕಾಕಾರ ಮೂಗಿಗೆ ಮುಟ್ಟಿದೆ. ಅವರು ಕೇಳಿದಾಗ ನಿಮ್ಮ ಮಾನ ಉಳಿಸಲು, "ಪೈಪಿನ ಹಿಂದೆ ಇಲಿ ಸತ್ತಿರಬೇಕು ಕಾಕಾ" ಎಂದುಬಿಟ್ಟೆ. ನಿನ್ನೆ ಸೊಸೈಟಿ ಮೀಟಿಂಗಿನಲ್ಲಿ ಇಲಿಗೆ ಸಂತಾಪ ಸೂಚಿಸುವುದೊಂದು ಬಾಕಿ ಉಳಿಯಿತು. ಇವತ್ತು ನಾಲ್ಕಕ್ಕೆ ನಮ್ಮ ಗೋಡೆ ಒಡೆದು ಇಲಿ ತೆಗೆಯಲು ಗೌಂಡಿ ಬರುತ್ತಾನೆ.

ಹೇಗೂ ನಿಮಗೆ ರಜೆ. ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ ನಾಲ್ಕೂ ಚಡ್ಡಿ ಒಗೆಯಿರಿ. ಗಾಳಿಗೆ ಹಾಕಿದರೆ ಒಗೆದಂತೆ ಎಂಬುದು ನಿಮ್ಮ ಹಾಸ್ಟೆಲಿನ ಸಿದ್ಧಾಂತ. ಮದುವೆಯಾಗಿ ಒಂಬತ್ತು ವರ್ಷವಾಯಿತು.

ಆಮೇಲೆ ಸ್ನಾನ. ಬೆನ್ನಿಗೆ ನೀರು ಬಿದ್ದರೆ ಸಾಲದು. ತೊಡೆಸಂದಿಗೆ ಸೋಪು ಹಚ್ಚಿ. ಮುಂದೊಗಲು ಮೆಲ್ಲಗೆ ಸರಿಸಿ ಬೆಚ್ಚಗಿನ ನೀರಲ್ಲಿ ತೊಳೆಯಿರಿ. ಡಾಕ್ಟರು ಇದನ್ನು ಹೇಳುವಾಗ ನೀವು ಫ್ಯಾನ್ ನೋಡುತ್ತಿದ್ದಿರಿ. ಪೂರ್ತಿ ಒರೆಸಿಕೊಂಡ ಮೇಲೆ ಹೊಸ ಕಾಟನ್ ಚಡ್ಡಿ, ಕಪಾಟಿನ ಎಡಗಡೆ.

ಅಲ್ಲಿಗೆ ಮಾತ್ರ ಡಿಯೋ ಹೊಡೆಯಬೇಡಿ. ಸೋಮವಾರ ಉರಿ ತಾಳದೆ ನೀವು ಕುಣಿದದ್ದು ಕೇಳಿ ಕೆಳಗಿನ ಮನೆಯವರು ಇಲಿ ಇನ್ನೂ ಬದುಕಿದೆ ಎಂದುಕೊಂಡಿದ್ದಾರೆ.

ಟೈಲ್ಸ್ ಹಾಕಿಸಿ ವರ್ಷವಾಗಿಲ್ಲ. ಮೂರೂವರೆಗೆ ಕಾಕಾ ಮೂಸಿ ನೋಡಲು ಬರುತ್ತಾರೆ. ವಾಸನೆ ಹೋಗಿದ್ದರೆ ಗೋಡೆ ಉಳಿಯಿತು. ಇದ್ದರೆ ನನಗೆ ಫೋನ್ ಮಾಡುತ್ತಾರೆ. ಆಗ ಇಲಿಯ ಹೆಸರು ಪ್ರಭುದೇವ, ನಮ್ಮ ಯಜಮಾನರು ಅಂತ ನಾನು ಹೇಳಲೇಬೇಕಾಗುತ್ತದೆ.

ಶೈಲಾ